1979ರ ಸ್ಟಾರ್ ಟ್ರೆಕ್: ವಿಮರ್ಶಕರು ನೋಡಿದ್ದು ಯಾವ ಸಿನಿಮಾ?

ಇವತ್ತಿನ ಕಂತಿನ ಪ್ರಶ್ನೆ ಸಣ್ಣದು, ಉತ್ತರ ಮಾತ್ರ ಸ್ವಲ್ಪ ಉದ್ದ. ಜನ ವರ್ಷಗಟ್ಟಲೆ ಟಿವಿಯಲ್ಲಿ ನೋಡಿ, ಅದರ ಪಾತ್ರಗಳನ್ನ ಮನೆಯವರ ಥರ ಮಾಡಿಕೊಂಡ ಒಂದು ಸರಣಿ ಇರುತ್ತೆ. ಒಂದು ದಿನ ಅದು ಸಿನಿಮಾ ಆಗಿ ಥಿಯೇಟರಿಗೆ ಬರುತ್ತೆ. ಅದಕ್ಕೆ ವಿಮರ್ಶೆ ಬರೆಯೋರು ಯಾರ ಪರವಾಗಿ ಬರೀಬೇಕು? ಸರಣಿ ಬಾಯಿಪಾಠ ಆಗಿರೋರಿಗಾ, ಅದರ ಹೆಸರೇ ಕೇಳದೆ ಟಿಕೆಟ್ ತಗೊಂಡೋರಿಗಾ?

ಈ ಪ್ರಶ್ನೆಗೆ ಗಾಳಿಯಲ್ಲಿ ಉತ್ತರ ಕೊಡೋಕಾಗಲ್ಲ. ಅದಕ್ಕೆ ಒಂದೇ ಒಂದು ಸಿನಿಮಾ ತಗೋತೀನಿ: 1979ರ ಡಿಸೆಂಬರ್ 7ಕ್ಕೆ ಅಮೆರಿಕದಲ್ಲಿ ಬಿಡುಗಡೆಯಾದ ‘ಸ್ಟಾರ್ ಟ್ರೆಕ್: ದಿ ಮೋಷನ್ ಪಿಕ್ಚರ್’. ನಾನು ಓದಿದ್ದು ಬಿ.ಕಾಂ., ಸಿನಿಮಾಶಾಸ್ತ್ರ ಅಲ್ಲ. ಹಾಗಾಗಿ ಕ್ಯಾಮೆರಾ ಕೋನಕ್ಕಿಂತ ಮೊದಲು ಲೆಕ್ಕದ ಪುಸ್ತಕ ತೆಗೆಯೋದು ನನ್ನ ಅಭ್ಯಾಸ. ಈ ಸಿನಿಮಾ ವಿಷಯದಲ್ಲಂತೂ ಆ ಅಭ್ಯಾಸ ಬಹಳ ಕೆಲಸಕ್ಕೆ ಬಂತು. ಇನ್ನೊಂದು ಮಾತು, ಕತೆಯ ಕೊನೆ ಹೇಳ್ತೀನಿ. ಸಿನಿಮಾ ಬಂದು ನಾಲ್ಕು ದಶಕ ದಾಟಿದೆ, ಕ್ಷಮಿಸಿಬಿಡಿ.

ಮೊದಲು ಸರಣಿ. ಜೀನ್ ರಾಡನ್‌ಬೆರಿ ಸೃಷ್ಟಿಸಿದ ‘ಸ್ಟಾರ್ ಟ್ರೆಕ್’ ಎನ್‌ಬಿಸಿ ವಾಹಿನಿಯಲ್ಲಿ ಶುರುವಾಗಿದ್ದು 1966ರ ಸೆಪ್ಟೆಂಬರ್ 8ರಂದು. ಎಂಟರ್‌ಪ್ರೈಸ್ ಅನ್ನೋ ಅಂತರಿಕ್ಷ ನೌಕೆ, ಅದರ ಕ್ಯಾಪ್ಟನ್ ಕರ್ಕ್, ಭಾವನೆಗಳನ್ನ ಬದಿಗಿಟ್ಟು ತರ್ಕವನ್ನೇ ನಂಬುವ ಸ್ಪಾಕ್, ಅವನ ಜತೆ ಸದಾ ಜಗಳ ಆಡುವ ಡಾಕ್ಟರ್ ಮೆಕಾಯ್. ನೋಡುಗರ ಸಂಖ್ಯೆ ವಾಹಿನಿಗೆ ಸಾಲಲಿಲ್ಲ. ಎರಡನೇ ವರ್ಷವೇ ನಿಲ್ಲಿಸ್ತಾರೆ ಅನ್ನೋ ಸುದ್ದಿ ಬಂದಾಗ ಅಭಿಮಾನಿಗಳು ಪತ್ರ ಚಳವಳಿ ಮಾಡಿದರು. ಮೂರನೇ ವರ್ಷ ಸಿಕ್ಕಿತು, ಆದರೆ ಪ್ರಸಾರದ ಹೊತ್ತು ಶುಕ್ರವಾರ ರಾತ್ರಿ ಹತ್ತು ಗಂಟೆ. ಹುಡುಗರು ಮನೇಲಿ ಇರೋ ಹೊತ್ತೇ ಅಲ್ಲ ಅದು. 1969ರ ಜೂನ್‌ಗೆ, 79 ಕಂತಿಗೆ, ಅಂಗಡಿ ಬಾಗಿಲು ಹಾಕಿತು.

ಅಲ್ಲಿಗೆ ಮುಗೀಬೇಕಿತ್ತು. ಆದರೆ ಆ 79 ಕಂತುಗಳನ್ನ ಊರೂರಿನ ಸ್ಥಳೀಯ ಟಿವಿ ಕೇಂದ್ರಗಳು ಕೊಂಡು ದಿನಾ ಸಂಜೆ ಮತ್ತೆ ಮತ್ತೆ ಹಾಕಿದವು. ವಾರಕ್ಕೊಂದು ಸಲ ನೋಡಿದಾಗ ಹಿಡಿಸದಿದ್ದದ್ದು ದಿನಾ ನೋಡಿದಾಗ ಹಿಡಿಸಿತು. 1972ರ ಜನವರಿಯಲ್ಲಿ ನ್ಯೂಯಾರ್ಕಲ್ಲಿ ಅಭಿಮಾನಿಗಳ ಸಮ್ಮೇಳನ ನಡೆದಾಗ, ಕೆಲವು ನೂರು ಜನ ಬರಬಹುದು ಅಂದುಕೊಂಡಿದ್ದವರ ಮುಂದೆ ಮೂರು ಸಾವಿರಕ್ಕೂ ಹೆಚ್ಚು ಜನ ನಿಂತಿದ್ದರು. 1976ರಲ್ಲಿ ನಾಸಾದ ಮೊದಲ ಶಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಅಂತ ಹೆಸರಿಡಬೇಕು ಅಂತಿತ್ತು. ಅಭಿಮಾನಿಗಳ ಪತ್ರಗಳ ರಾಶಿ ಬಿದ್ದು ಅದು ‘ಎಂಟರ್‌ಪ್ರೈಸ್’ ಆಯ್ತು. ನಮ್ಮಲ್ಲಿ ಈ ಸರಣಿ ಬಂದದ್ದು 80ರ ದಶಕದಲ್ಲಿ, ದೂರದರ್ಶನದಲ್ಲಿ, ಭಾನುವಾರ ಬೆಳಗ್ಗೆ. ನಿಮ್ಮ ಮನೆಯಲ್ಲಿ ಚೂಪು ಕಿವಿಯ ಸ್ಪಾಕ್ ಅಂದ ತಕ್ಷಣ ಮುಖ ಅರಳಿಸೋ ಚಿಕ್ಕಪ್ಪನೋ ಮಾವನೋ ಇದ್ದರೆ, ಕಾರಣ ಅದೇ.

ಈಗ ಸ್ಟುಡಿಯೋ ಕತೆ. ವಿಮರ್ಶೆಯ ನ್ಯಾಯಕ್ಕೆ ಈ ಭಾಗವೇ ಮುಖ್ಯ, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಪ್ಯಾರಮೌಂಟ್ ಸ್ಟುಡಿಯೋಗೆ ಇದರಲ್ಲಿ ದುಡ್ಡಿದೆ ಅಂತ ಗೊತ್ತಾಯ್ತು, ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. 1975ರಲ್ಲಿ ರಾಡನ್‌ಬೆರಿ ಬರೆದ ಒಂದು ಕತೆ ತಿರಸ್ಕಾರ ಆಯ್ತು. ಆಮೇಲೆ ಫಿಲಿಪ್ ಕಾಫ್‌ಮನ್ ನಿರ್ದೇಶನದಲ್ಲಿ ‘ಪ್ಲಾನೆಟ್ ಆಫ್ ದಿ ಟೈಟನ್ಸ್’ ಅನ್ನೋ ಸಿನಿಮಾಗೆ ಕತೆ, ಚಿತ್ರ, ವಿನ್ಯಾಸ ಅಂತ ಖರ್ಚಾಯ್ತು. 1977ರ ಮೇ ತಿಂಗಳಲ್ಲಿ ಅದನ್ನೂ ಕೈಬಿಟ್ಟರು. ಅದೇ ತಿಂಗಳು ‘ಸ್ಟಾರ್ ವಾರ್ಸ್’ ಬಿಡುಗಡೆ ಆಗಿದ್ದು ಇತಿಹಾಸದ ಒಂದು ತಮಾಷೆ. ಮುಂದೆ ಪ್ಯಾರಮೌಂಟ್ ತನ್ನದೇ ಟಿವಿ ಜಾಲ ಕಟ್ಟೋಕೆ ಹೊರಟಿತು. ಅದರ ಮೊದಲ ಆಕರ್ಷಣೆಯಾಗಿ ‘ಸ್ಟಾರ್ ಟ್ರೆಕ್: ಫೇಸ್ 2’ ಅನ್ನೋ ಹೊಸ ಸರಣಿ. ಸೆಟ್ ಹಾಕಿದರು, ಕತೆಗಳನ್ನ ಬರೆಸಿದರು, ಹೊಸ ನಟರನ್ನ ಆರಿಸಿದರು. ಟಿವಿ ಜಾಲದ ಯೋಜನೆ ಮುಳುಗಿತು. ಸರಣಿಯ ಮೊದಲ ಕಂತಿಗೆ ಅಂತ ಇದ್ದ ಕತೆಯನ್ನೇ ಎತ್ತಿಕೊಂಡು ಸಿನಿಮಾ ಮಾಡೋಣ ಅಂತ ತೀರ್ಮಾನ ಆಯ್ತು. 1978ರ ಮಾರ್ಚಲ್ಲಿ ಪತ್ರಿಕಾಗೋಷ್ಠಿ ಕರೆದು ಹೇಳಿದಾಗ ಬಜೆಟ್ 1.5 ಕೋಟಿ ಡಾಲರ್. ನಿರ್ದೇಶಕ ರಾಬರ್ಟ್ ವೈಸ್. ‘ವೆಸ್ಟ್ ಸೈಡ್ ಸ್ಟೋರಿ’, ‘ದಿ ಸೌಂಡ್ ಆಫ್ ಮ್ಯೂಸಿಕ್’ ಎರಡಕ್ಕೂ ಆಸ್ಕರ್ ತಗೊಂಡವರು. ‘ಸಿಟಿಜನ್ ಕೇನ್’ ಸಂಕಲನ ಮಾಡಿದವರು. ಸಾಮಾನ್ಯ ಆಸಾಮಿ ಅಲ್ಲ.

ಸಿನಿಮಾ ಮುಗಿದಾಗ ಹೊರಗೆ ಬಂದ ಅಂಕಿ ಸುಮಾರು 4.4 ಕೋಟಿ ಡಾಲರ್. ಆ ಕಾಲಕ್ಕೆ ತಲೆ ತಿರುಗೋ ಮೊತ್ತ. ಇಷ್ಟು ಸುರಿದು ಇಷ್ಟೇನಾ ಅನ್ನೋ ಧಾಟಿ ಆ ಸಿನಿಮಾದ ಬೆನ್ನು ಬಿಡಲೇ ಇಲ್ಲ. ಆದರೆ ಆ 4.4 ಕೋಟಿಯೊಳಗೆ ಏನೇನಿದೆ? ಕೈಬಿಟ್ಟ ಹಳೆ ಯೋಜನೆಗಳ ಖರ್ಚು ಕೂಡ ಇದೆ. ತೆರೆಗೆ ಬರದ ಸರಣಿಯ ಖರ್ಚೂ ಇದೆ. ಎಲ್ಲವನ್ನೂ ಸ್ಟುಡಿಯೋ ಈ ಒಂದು ಸಿನಿಮಾದ ಖಾತೆಗೆ ಬರೆದುಬಿಟ್ಟಿತು. ದೊಡ್ಡಪ್ಪ ಮಾಡಿದ ಸಾಲವನ್ನ ಕೊನೇ ಮಗನ ಮದುವೆ ಖರ್ಚಿಗೆ ಸೇರಿಸಿ, ‘ನೋಡ್ರಪ್ಪ, ಎಂಥ ದುಂದು ಮದುವೆ’ ಅಂದ ಹಾಗೆ. ಕಾಸ್ಟಿಂಗ್ ಪಾಠದ ಮೊದಲ ವಾರದಲ್ಲೇ ಹೇಳಿಕೊಡ್ತಾರೆ, ಯಾವ ಖರ್ಚು ಯಾವ ಸರಕಿಗೆ ಸೇರಿದ್ದು ಅಂತ ಮೊದಲು ಬಿಡಿಸು, ಆಮೇಲೆ ದುಬಾರಿಯೋ ಅಗ್ಗವೋ ಹೇಳು ಅಂತ. ಸಿನಿಮಾ ವಿಮರ್ಶೆಯಲ್ಲಿ ಬಜೆಟ್ ಅಂಕಿ ಹಾಕೋರು ಆ ಕೆಲಸ ಮಾಡೋದು ಕಮ್ಮಿ.

ಖರ್ಚು ಒಂದಾದರೆ, ಹೊತ್ತು ಇನ್ನೊಂದು. ಚಿತ್ರೀಕರಣ ಶುರುವಾಗಿದ್ದು 1978ರ ಆಗಸ್ಟ್ 7ಕ್ಕೆ. ವಿಶೇಷ ದೃಶ್ಯಗಳನ್ನ ರಾಬರ್ಟ್ ಏಬಲ್ ಅವರ ಕಂಪನಿಗೆ ವಹಿಸಿದ್ದರು. 1979ರ ಫೆಬ್ರವರಿ ಹೊತ್ತಿಗೆ ಸಿನಿಮಾದಲ್ಲಿ ಬಳಸೋ ಹಾಗಿದ್ದ ಶಾಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆ ಕಂಪನಿಯನ್ನ ಬಿಟ್ಟು ಡಗ್ಲಸ್ ಟ್ರಂಬಲ್ ಅವರನ್ನ ಕರೆದರು. ‘2001: ಎ ಸ್ಪೇಸ್ ಒಡಿಸ್ಸಿ’ಗೆ ಕೆಲಸ ಮಾಡಿದವರು. ಅವರ ಜತೆ ಕೆಲಸ ಹಂಚಿಕೊಂಡವರು ‘ಸ್ಟಾರ್ ವಾರ್ಸ್’ ಮಾಡಿದ್ದ ಜಾನ್ ಡೈಕ್ಸ್‌ಟ್ರಾ. ಇಬ್ಬರಿಗೂ ಸಿಕ್ಕಿದ್ದು ಒಂಬತ್ತು ತಿಂಗಳಿಗೂ ಕಡಿಮೆ.

ದಿನಾಂಕ ಮುಂದೆ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಆಗ್ತಿರಲಿಲ್ಲ. ಪ್ಯಾರಮೌಂಟ್ ಥಿಯೇಟರ್ ಮಾಲೀಕರಿಂದ ಮೊದಲೇ ಮುಂಗಡ ಹಣ ತಗೊಂಡಿತ್ತು. ಡಿಸೆಂಬರ್ 7ಕ್ಕೆ ರೀಲು ತಲುಪದಿದ್ದರೆ ಕೋರ್ಟು, ಕಚೇರಿ. ಹಾಗಾಗಿ ಕೆಲಸ ಮುಗಿದಾಗ ಸಿನಿಮಾ ಬಿಡುಗಡೆ ಆಗಲಿಲ್ಲ, ದಿನಾಂಕ ಬಂದಾಗ ಆಯ್ತು. ಸಂಗೀತ ನಿರ್ದೇಶಕ ಜೆರಿ ಗೋಲ್ಡ್‌ಸ್ಮಿತ್ ಬಿಡುಗಡೆಗೆ ಕೆಲವೇ ದಿನ ಇರೋವರೆಗೂ ರೆಕಾರ್ಡಿಂಗ್ ಮಾಡ್ತಿದ್ದರು. ಪ್ರೇಕ್ಷಕರ ಮುಂದೆ ಒಂದು ಪ್ರಯೋಗ ಪ್ರದರ್ಶನ ಕೂಡ ನಡೆಯಲಿಲ್ಲ. ಎಲ್ಲಿ ಜನ ಆಕಳಿಸ್ತಾರೆ, ಎಲ್ಲಿ ಕತ್ತರಿ ಹಾಕಬೇಕು ಅಂತ ತಿಳಿಯೋದು ಆ ಪ್ರದರ್ಶನದಲ್ಲೇ. ಡಿಸೆಂಬರ್ 6ರಂದು ವಾಷಿಂಗ್ಟನ್‌ನಲ್ಲಿ ಮೊದಲ ಪ್ರದರ್ಶನ. ವೈಸ್ ಆಗ ತಾನೇ ಲ್ಯಾಬಿಂದ ಬಂದ ಪ್ರಿಂಟನ್ನ ತಾವೇ ಜತೆಯಲ್ಲಿ ಒಯ್ದರು.

ಈಗ ವಿಮರ್ಶಕರ ಕುರ್ಚಿಯಲ್ಲಿ ಕೂತುಕೊಳ್ಳಿ. ಪರದೆ ಮೇಲೆ 132 ನಿಮಿಷ. ಭೂಮಿ ಕಡೆಗೆ ಒಂದು ದೈತ್ಯ ಮೋಡ ಬರ್ತಾ ಇದೆ, ಅಡ್ಡ ಬಂದದ್ದನ್ನೆಲ್ಲ ಅಳಿಸಿಹಾಕ್ತಾ ಇದೆ. ಕರ್ಕ್ ಹಳೇ ಹಡಗಿಗೆ ಮರಳಿ ಅದನ್ನ ಎದುರಿಸೋಕೆ ಹೊರಡ್ತಾನೆ. ಮೋಡದೊಳಗೆ ಇರೋದು ‘ವೀಜರ್’ ಅನ್ನೋ ಯಂತ್ರ. ಕೊನೆಗೆ ನೋಡಿದರೆ ಅದು ಮನುಷ್ಯರೇ ಎಂದೋ ಕಳಿಸಿದ್ದ ವಾಯೇಜರ್ ನೌಕೆ, ತನ್ನನ್ನ ಮಾಡಿದವನನ್ನ ಹುಡುಕಿಕೊಂಡು ಬಂದಿದೆ. (ನಿಜವಾದ ವಾಯೇಜರ್ 1 ಮತ್ತು 2 ಹಾರಿದ್ದು 1977ರಲ್ಲಿ. ಸಿನಿಮಾದ್ದು ವಾಯೇಜರ್ 6, ಕಲ್ಪನೆ.)

‘ಟೈಮ್’ ಪತ್ರಿಕೆಯ ರಿಚರ್ಡ್ ಶಿಕೆಲ್ ಅವರ ದೂರು, ಹಡಗುಗಳು ಎಲ್ಲಿಗಾದರೂ ತಲುಪೋಕೆ ವಿಪರೀತ ಹೊತ್ತು ತಗೋತವೆ ಅಂತ. ‘ಮೋಷನ್‌ಲೆಸ್ ಪಿಕ್ಚರ್’, ಅಂದ್ರೆ ಅಲ್ಲಾಡದ ಸಿನಿಮಾ ಅನ್ನೋ ಅಡ್ಡಹೆಸರು ಹುಟ್ಟಿತು, ಇವತ್ತಿಗೂ ಅಂಟಿಕೊಂಡಿದೆ. ರೋಜರ್ ಈಬರ್ಟ್ ನಾಲ್ಕಕ್ಕೆ ಮೂರು ನಕ್ಷತ್ರ ಕೊಟ್ಟರು. ಸರಣಿ ಬಲ್ಲವರ ಕಡೆಯಿಂದ ಬಂದ ಏಟು ಬೇರೆ ಥರದ್ದು. 1967ರಲ್ಲಿ ಪ್ರಸಾರವಾದ ‘ದಿ ಚೇಂಜ್‌ಲಿಂಗ್’ ಕಂತಿನಲ್ಲೂ ಭೂಮಿಯಿಂದ ಹೋದ ನೋಮ್ಯಾಡ್ ಅನ್ನೋ ಯಂತ್ರ ಕೆಟ್ಟು, ತನ್ನ ಸೃಷ್ಟಿಕರ್ತನನ್ನ ಹುಡುಕ್ತಾ ಬರುತ್ತೆ. ಐವತ್ತು ನಿಮಿಷದಲ್ಲಿ ಮುಗಿದ ಕತೆಯನ್ನ ಎರಡು ಗಂಟೆಗೆ ಎಳೆದಿದ್ದಾರೆ ಅಂದರು.

ಒಬ್ಬ ವಿಮರ್ಶಕರನ್ನ ಬೇರೆಯಾಗಿ ನೋಡಬೇಕು: ಹಾರ್ಲನ್ ಎಲಿಸನ್. ‘ಸ್ಟಾರ್‌ಲಾಗ್’ ಪತ್ರಿಕೆಯಲ್ಲಿ ಸಿನಿಮಾವನ್ನ ಜಾಡಿಸಿದರು. ಇವರು ಹೊರಗಿನವರಲ್ಲ. ಸರಣಿಯ ಅತ್ಯಂತ ಹೆಸರಾದ ಕಂತು ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಬರೆದವರು. ತಮ್ಮ ಬರಹವನ್ನ ತಿದ್ದಿದ್ದಕ್ಕೆ ರಾಡನ್‌ಬೆರಿ ಮೇಲೆ ವರ್ಷಗಟ್ಟಲೆ ಕತ್ತಿ ಮಸೆದವರು. ಹಾಗಾದರೆ ಇದು ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋ ವಿಮರ್ಶೆಯಾ? ನನಗೆ ಹಾಗನ್ನಿಸಲ್ಲ. ಹಗೆ ಇರೋನು ಸುಳ್ಳೇ ಹೇಳ್ತಾನೆ ಅಂತೇನಿಲ್ಲ. ಪಾತ್ರಗಳು ತಣ್ಣಗಿವೆ, ಹಳೆ ಮೂವರ ಮಧ್ಯೆ ಇದ್ದ ಸಲಿಗೆ ಮಾಯ ಆಗಿದೆ ಅನ್ನೋದು ಹಗೆ ಇಲ್ಲದವರಿಗೂ ಕಂಡಿದೆ, ನನಗೂ ಕಂಡಿದೆ. ಆದರೆ ಅವರ ವಿಮರ್ಶೆ ಓದೋನಿಗೆ ಅವರ ಹಳೆ ವ್ಯಾಜ್ಯ ಗೊತ್ತಿರಬೇಕು, ಅಷ್ಟೇ.

ನಾನು ಈ ಸಿನಿಮಾ ನೋಡಿದ್ದು ಸರಣಿಗಿಂತ ಮೊದಲು, ಲ್ಯಾಪ್‌ಟಾಪಲ್ಲಿ. ಆಮೇಲೆ 79 ಕಂತು ಮುಗಿಸಿ ಮತ್ತೆ ನೋಡಿದೆ. ಎರಡೂ ಸಲ ನಿಂತಿದ್ದು ಒಂದೇ ಜಾಗದಲ್ಲಿ: ರಿಪೇರಿ ಕಟ್ಟೆಯಲ್ಲಿ ನಿಂತ ಎಂಟರ್‌ಪ್ರೈಸ್ ಸುತ್ತ ಸಣ್ಣ ವಾಹನದಲ್ಲಿ ಕರ್ಕ್ ಮತ್ತು ಸ್ಕಾಟಿ ಸುತ್ತು ಹಾಕೋ ದೃಶ್ಯ. ಮಾತಿಲ್ಲ, ಗೋಲ್ಡ್‌ಸ್ಮಿತ್ ಸಂಗೀತ ಮಾತ್ರ. ನಿಮಿಷಗಟ್ಟಲೆ ಹೋಗ್ತಾನೇ ಇರುತ್ತೆ. ಮೊದಲ ಸಲ, ಕಾರ್ ಶೋರೂಮಿನ ಜಾಹೀರಾತಾ ಇದು ಅನ್ನಿಸ್ತು. ಎರಡನೇ ಸಲ ಗಂಟಲು ಕಟ್ಟಿತು. ಯಾಕಂದ್ರೆ ಅಷ್ಟರಲ್ಲಿ ಆ ಹಡಗನ್ನ ಪುಟ್ಟ ಪರದೆಯಲ್ಲಿ, ಅದೇ ನಾಲ್ಕೈದು ಶಾಟ್‌ಗಳಲ್ಲಿ ಮತ್ತೆ ಮತ್ತೆ ನೋಡಿದ್ದೆ. ಹತ್ತು ವರ್ಷ ಮರುಪ್ರಸಾರ ನೋಡ್ತಾ, ಪತ್ರ ಬರೀತಾ ಕಾದವರಿಗೆ 1979ರಲ್ಲಿ ಅದು ತೇರು ಎಳೆಯೋದನ್ನ ನೋಡಿದ ಹಾಗೆ ಇದ್ದಿರಬೇಕು. ತೇರು ನಿಧಾನಕ್ಕೆ ಹೋಗ್ತಿದೆ ಅಂತ ಭಕ್ತರು ದೂರೋದಿಲ್ಲ. ಆದರೆ ಆ ಊರಿನವನಲ್ಲದವನಿಗೆ ಅದು ಟ್ರಾಫಿಕ್ ಜಾಮ್. ಎರಡೂ ನಿಜ. ನ್ಯಾಯವಾಗಿ ಬರೆಯೋ ವಿಮರ್ಶಕ ತಾನು ಇವೆರಡರಲ್ಲಿ ಯಾವನು ಅಂತ ಮೊದಲ ಪ್ಯಾರಾದಲ್ಲೇ ಹೇಳಿಬಿಟ್ಟರೆ ಅರ್ಧ ಜಗಳ ಮುಗೀತು.

ಉಳಿದರ್ಧ ಜಗಳ ಕತೆಯದು. ಸಿನಿಮಾದ ಕೇಂದ್ರದಲ್ಲಿ ಡೆಕರ್ ಮತ್ತು ಇಲಿಯಾ ಅನ್ನೋ ಇಬ್ಬರು ಹೊಸಬರು ಕೂತಿದ್ದಾರೆ. ಕ್ಲೈಮ್ಯಾಕ್ಸ್ ಇರೋದೂ ಅವರದ್ದೇ, ಕರ್ಕ್‌ದಲ್ಲ. ಸ್ಪಾಕ್ ಬರೋದು ಕತೆ ಎಷ್ಟೋ ದೂರ ಸಾಗಿದ ಮೇಲೆ, ನೆಂಟರ ಮನೆಗೆ ಊಟದ ಹೊತ್ತಿಗೆ ಬಂದ ಹಾಗೆ. ಹಾಗೇ ನೋಡಿದರೆ ವಿಚಿತ್ರ. ಹಿನ್ನೆಲೆ ಗೊತ್ತಿದ್ದರೆ ವಿಚಿತ್ರ ಅಲ್ಲ. ಆ ಇಬ್ಬರು ನಿಂತುಹೋದ ಟಿವಿ ಸರಣಿಗೆ ಅಂತ ಹುಟ್ಟಿದ ಪಾತ್ರಗಳು. ಅಲ್ಲಿ ಅವರಿಗೆ ಬೆಳೆಯೋಕೆ ವರ್ಷಗಳೇ ಇರ್ತಿದ್ದವು. ಲೆನರ್ಡ್ ನಿಮೊಯ್ ಆ ಸರಣಿಗೆ ಒಪ್ಪಿರಲೇ ಇಲ್ಲ. ಸಿನಿಮಾ ಅಂತಾದ ಮೇಲೆ ಒಪ್ಪಿದರು, ಆಮೇಲೆ ಸ್ಪಾಕ್‌ನನ್ನ ಕತೆಯೊಳಗೆ ಸೇರಿಸಿದರು. ಹೊಲಿಗೆ ಕಾಣೋದು ಅದಕ್ಕೇ.

ಇಲಿಯಾ ಪಾತ್ರ ಮಾಡಿದ್ದು ನಮ್ಮ ಮುಂಬೈನ ಪರ್ಸಿಸ್ ಖಂಬಾಟಾ. 1965ರ ಮಿಸ್ ಇಂಡಿಯಾ. ಪಾತ್ರಕ್ಕಾಗಿ ತಲೆ ಬೋಳಿಸಿಕೊಂಡರು. ಇವತ್ತಿಗೂ ಆಕೆಯ ಹೆಸರು ಬಂದರೆ ಮೊದಲು ಬರೋದು ಆ ಬೋಳುತಲೆ ಮಾತು, ನಟನೆಯ ಮಾತು ಆಮೇಲೆ, ಬಂದರೆ. ಆಕೆಗೆ ಸಿಕ್ಕಿದ್ದು ಕೆಲವೇ ದೃಶ್ಯ. ಅಷ್ಟರಲ್ಲಿ ಇಲಿಯಾಳನ್ನ ವೀಜರ್ ಅಳಿಸಿ, ಅವಳ ರೂಪದಲ್ಲೇ ಒಂದು ಯಂತ್ರವನ್ನ ಹಡಗಿಗೆ ಕಳಿಸುತ್ತೆ. ಉಳಿದ ಸಿನಿಮಾದಲ್ಲಿ ಆಕೆ ಯಂತ್ರವಾಗಿ ನಟಿಸ್ತಾ, ಒಳಗೆಲ್ಲೋ ಇಲಿಯಾಳ ನೆನಪು ಮಿಸುಕಾಡೋದನ್ನ ತೋರಿಸಬೇಕು. ಈ ಕೆಲಸವನ್ನ ಆಕೆ ಚೆನ್ನಾಗೇ ಮಾಡಿದ್ದಾರೆ ಅನ್ನೋದು ನನ್ನ ಅಭಿಪ್ರಾಯ. ‘ಮರದ ಗೊಂಬೆ ಥರ ನಟನೆ’ ಅಂತ ಬರೆಯೋ ಮುಂಚೆ ಪಾತ್ರ ಗೊಂಬೆಯದ್ದೇನಾ ಅಂತ ನೋಡಬೇಕಲ್ವಾ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅನುಮಾನ ನಿಮಗೆ ಬಂದಿರಬೇಕು, ನನಗೂ ಇದೆ. ಪ್ರೇಕ್ಷಕ ದುಡ್ಡು ಕೊಟ್ಟಿದ್ದು ಸ್ಟುಡಿಯೋದ ಕಷ್ಟಸುಖ ಕೇಳೋಕಲ್ಲ. ಹೋಟೆಲಿನಲ್ಲಿ ಇಡ್ಲಿ ಅರ್ಧ ಬೆಂದಿದ್ದರೆ, ಗ್ಯಾಸ್ ತಡವಾಗಿ ಬಂತು ಅನ್ನೋದು ನನ್ನ ಹೊಟ್ಟೆಗೆ ಸಂಬಂಧಪಟ್ಟ ವಿಷಯ ಅಲ್ಲ. ಪರದೆ ಮೇಲೆ ಏನಿತ್ತೋ ಅದನ್ನ ನೋಡಿ, ಇದು ಎಳೆದ ಹಾಗಿದೆ ಅಂದ 1979ರ ವಿಮರ್ಶಕ ತನ್ನ ಕೆಲಸ ಸರಿಯಾಗೇ ಮಾಡಿದ. ಅವನ ಋಣ ಇದ್ದದ್ದು ಟಿಕೆಟ್ ತಗೊಂಡೋರಿಗೆ. ನನ್ನ ತಕರಾರು ಅವನ ಮೇಲಲ್ಲ. ಒಂದು ಡಿಸೆಂಬರಿನ ತೀರ್ಪನ್ನ ಶಾಶ್ವತ ಶಾಸನ ಮಾಡಿಕೊಂಡು, ಮುಂದೆ ನಲವತ್ತು ವರ್ಷ ಅದನ್ನೇ ನಕಲು ಮಾಡಿದವರ ಮೇಲೆ.

ಆ ತೀರ್ಪಿಗೆ ಬೆಲೆ ತೆತ್ತವರೂ ಇದ್ದಾರೆ. ಸಿನಿಮಾ ಸೋತಿತ್ತು ಅಂತ ಈಗಲೂ ಬರೀತಾರೆ. ಅಮೆರಿಕದಲ್ಲೇ 8.2 ಕೋಟಿ, ಜಗತ್ತಿನಾದ್ಯಂತ ಸುಮಾರು 13.9 ಕೋಟಿ ಡಾಲರ್ ಗಳಿಸಿದ್ದು ಸೋಲಲ್ಲ. (ಗಲ್ಲಾಪೆಟ್ಟಿಗೆಯ ಮೊತ್ತದಲ್ಲಿ ಥಿಯೇಟರಿನ ಪಾಲೂ ಇರುತ್ತೆ, ಪೂರ್ತಿ ಸ್ಟುಡಿಯೋಗೆ ಬರಲ್ಲ, ಅದು ಬೇರೆ.) ಮೂರು ಆಸ್ಕರ್ ನಾಮನಿರ್ದೇಶನ ಸಿಕ್ಕವು. ಆದರೂ ರಾಡನ್‌ಬೆರಿಯನ್ನ ಸಲಹೆಗಾರನ ಕುರ್ಚಿಗೆ ಸರಿಸಿದರು. 1982ರ ಎರಡನೇ ಸಿನಿಮಾ ‘ದಿ ರಾತ್ ಆಫ್ ಖಾನ್’ ಅನ್ನು ಹ್ಯಾರ್ವ್ ಬೆನೆಟ್ ನಿರ್ಮಾಣದಲ್ಲಿ, ನಿಕೊಲಸ್ ಮೇಯರ್ ನಿರ್ದೇಶನದಲ್ಲಿ, ಸುಮಾರು 1.2 ಕೋಟಿ ಡಾಲರಲ್ಲಿ ಮುಗಿಸಿದರು. ಒಳ್ಳೆಯ ಸಿನಿಮಾ, ನನಗೂ ಇಷ್ಟ. ಸರಣಿಯ 1967ರ ‘ಸ್ಪೇಸ್ ಸೀಡ್’ ಕಂತಿನ ಮುಂದುವರಿಕೆ ಅದು. ಎಲ್ಲರೂ ಬರೆದರು: ನೋಡಿ, ಕಾಲು ಭಾಗ ದುಡ್ಡಲ್ಲಿ ಎಷ್ಟು ಚೆಂದ ಮಾಡಿದ್ದಾರೆ!

ಮತ್ತೆ ಲೆಕ್ಕದ ಪುಸ್ತಕ ತೆಗೀತೀನಿ. ಎರಡನೇ ಸಿನಿಮಾದ ಹಡಗಿನ ಒಳಾಂಗಣ ಯಾವುದು? ಮೊದಲ ಸಿನಿಮಾದ ಸೆಟ್ಟು. ಹಡಗು ಕಟ್ಟೆ ಬಿಟ್ಟು ಹೊರಡೋ ಶಾಟ್‌ಗಳು? ಮೊದಲ ಸಿನಿಮಾದ್ದೇ, ಮರುಬಳಕೆ. ಹಡಗಿನ ಮಾದರಿ? ಅದೇ. 1987ರಲ್ಲಿ ಶುರುವಾದ ‘ದಿ ನೆಕ್ಸ್ಟ್ ಜನರೇಷನ್’ ಸರಣಿಯ ಶೀರ್ಷಿಕೆ ಸಂಗೀತ ಗೋಲ್ಡ್‌ಸ್ಮಿತ್ ಈ ಸಿನಿಮಾಗೆ ಮಾಡಿದ್ದು. ಆ ಸರಣಿಯ ಎಷ್ಟೋ ಸೆಟ್‌ಗಳೂ ಇವನ್ನೇ ತಿದ್ದಿ ಮಾಡಿದವು. ಕ್ಲಿಂಗನ್ ಜನರ ಉಬ್ಬುತಗ್ಗು ಹಣೆ, ಅವರ ಭಾಷೆಯ ಮೊದಲ ಮಾತುಗಳು, ಎಲ್ಲ ಇಲ್ಲಿಂದಲೇ. ಅಂದ್ರೆ ಮೊದಲ ಸಿನಿಮಾ ಅಂಗಡಿ ಕಟ್ಟಿಸಿಕೊಟ್ಟಿತು, ಎರಡನೆಯದು ಆ ಅಂಗಡಿಯಲ್ಲಿ ಬಾಡಿಗೆ ಇಲ್ಲದೆ ವ್ಯಾಪಾರ ಮಾಡಿತು. ಬಂಡವಾಳ ವೆಚ್ಚವನ್ನ ಒಂದೇ ವರ್ಷದ ಖರ್ಚು ಅಂತ ತೋರಿಸಿದರೆ ಯಾವ ಆಡಿಟರೂ ಸಹಿ ಹಾಕಲ್ಲ. ಹಿಂದಿನವರ ಸಾಲವನ್ನೂ ಹೊತ್ತು, ಮುಂದಿನವರ ಆಸ್ತಿಯನ್ನೂ ಕಟ್ಟಿಕೊಟ್ಟ ಸಿನಿಮಾ ಇದು. ದುಂದುಗಾರ ಅನ್ನೋ ಹಣೆಪಟ್ಟಿ ಮಾತ್ರ ಇದರ ಹಣೆಗೇ.

ಇನ್ನು, ಯಾವ ಆವೃತ್ತಿ ಅನ್ನೋ ಪ್ರಶ್ನೆ. 1983ರಲ್ಲಿ ಎಬಿಸಿ ವಾಹಿನಿಯಲ್ಲಿ ಹಾಕಿದಾಗ ತೆಗೆದುಹಾಕಿದ್ದ ಸುಮಾರು 12 ನಿಮಿಷ ಮತ್ತೆ ಸೇರಿಸಿದರು. ಅದರಲ್ಲಿ ಕರ್ಕ್ ಹಡಗಿನಿಂದ ಹೊರಗೆ ಹಾರೋ ಒಂದು ದೃಶ್ಯದಲ್ಲಿ ಸೆಟ್ಟಿನ ಮರದ ಅಟ್ಟಣಿಗೆ ಹಾಗೇ ಕಾಣ್ತಿತ್ತು, ಯಾಕಂದ್ರೆ ಆ ಶಾಟ್ ಮುಗಿದೇ ಇರಲಿಲ್ಲ. ಕೊನೆಗೆ 2001ರಲ್ಲಿ ಡಿವಿಡಿಗೆ ಅಂತ ವೈಸ್ ಮತ್ತೆ ಸಂಕಲನ ಮೇಜಿಗೆ ಬಂದರು. ಆಗ ಅವರಿಗೆ 87. ಮೂವರು ಯುವಕರ ತಂಡದ ಜತೆ ಹಳೆ ಸ್ಟೋರಿಬೋರ್ಡ್‌ಗಳನ್ನ ಮುಂದಿಟ್ಟುಕೊಂಡು, 1979ರಲ್ಲಿ ಮಾಡಲಾಗದೆ ಉಳಿದ ಶಾಟ್‌ಗಳನ್ನ ಮಾಡಿಸಿದರು, ಧ್ವನಿ ಸರಿಪಡಿಸಿದರು, ಎಳೆದ ಕಡೆ ಕತ್ತರಿ ಹಾಕಿದರು. ಮೋಡದ ಅಗಲ ಸೂರ್ಯ-ಭೂಮಿ ದೂರದ 82 ಪಟ್ಟಿಗಿಂತ ಹೆಚ್ಚು ಅಂತಿದ್ದ ಸಂಭಾಷಣೆಯನ್ನ ಎರಡು ಪಟ್ಟು ಅಂತ ತಿದ್ದಿದರು. ವೀಜರ್‌ನ ಪೂರ್ತಿ ಆಕಾರ ಮೊದಲ ಸಲ ಕಂಡಿತು. ಒಟ್ಟು 136 ನಿಮಿಷ. ಮೊದಲಿಗಿಂತ ಉದ್ದ, ಆದರೆ ನೋಡೋವಾಗ ಚಿಕ್ಕದು ಅನ್ನಿಸುತ್ತೆ. ಸಂಕಲನ ಅಂದ್ರೆ ಏನು ಅಂತ ತಿಳಿಯೋಕೆ ಎರಡನ್ನೂ ಅಕ್ಕಪಕ್ಕ ನೋಡಿದರೆ ಸಾಕು.

ಹಾಗಂತ 2001ರದ್ದು ನೋಡಿ ಇದು ಮಹಾನ್ ಕೃತಿ ಅಂತ ನಾನು ಹೇಳಲ್ಲ. ಮಧ್ಯದ ಅರ್ಧ ಗಂಟೆ ಈಗಲೂ ಭಾರ. ಎಲ್ಲರೂ ಪರದೆ ನೋಡ್ತಾ ಬೆರಗಾಗೋದೇ ಕೆಲಸ. ಮೆಕಾಯ್ ಥರದ ಪಾತ್ರ ಇಟ್ಟುಕೊಂಡು ಅವನಿಗೆ ಜಗಳ ಆಡೋಕೆ ಬಿಡದಿರೋದು ಅಪರಾಧ. ಅದು ಹೊತ್ತು ಸಾಲದ ತಪ್ಪಲ್ಲ, ಬರವಣಿಗೆಯ ತಪ್ಪು, ಯಾವ ಕತ್ತರಿಗೂ ಸರಿಹೋಗಲ್ಲ. ಆದರೆ ಸ್ಪಾಕ್ ವೀಜರ್ ಒಳಗೆ ಹೋಗಿ ಬಂದು, ಕರ್ಕ್‌ನ ಕೈ ಹಿಡಿದು, ಅಷ್ಟೆಲ್ಲ ಜ್ಞಾನ ಇರೋ ಆ ಯಂತ್ರಕ್ಕೆ ಈ ಕೈ ಹಿಡಿಯೋ ಭಾವನೆ ಗೊತ್ತಿಲ್ಲ ಅನ್ನೋ ಅರ್ಥದಲ್ಲಿ ಮಾತಾಡೋ ಜಾಗ ಇದೆಯಲ್ಲ, 79 ಕಂತಿನ ಸ್ಪಾಕ್ ಅಲ್ಲಿಗೆ ಬಂದು ನಿಲ್ಲಬೇಕಿತ್ತು. ಸರಣಿ ನೋಡಿದವರಿಗೆ ಅದು ಹದಿಮೂರು ವರ್ಷದ ಬಡ್ಡಿ. ನೋಡದವರಿಗೂ ಅದು ಒಂದು ಒಳ್ಳೆಯ ದೃಶ್ಯ. ಸರಣಿಯಿಂದ ಬಂದ ಸಿನಿಮಾ ಎರಡೂ ಕಡೆಯವರಿಗೆ ಒಟ್ಟಿಗೆ ಸಲ್ಲೋದು ಇಂಥ ಕಡೆ, ಇದರಲ್ಲಿ ಅಂಥವು ಕಮ್ಮಿ, ಅಷ್ಟೇ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ, 2001ರ ಆವೃತ್ತಿಗೆ. 1979ರದ್ದಕ್ಕೆ ಎರಡೂವರೆ.

ವೈಸ್ 2005ರ ಸೆಪ್ಟೆಂಬರಲ್ಲಿ ತೀರಿಕೊಂಡರು. ಅವರ ಆವೃತ್ತಿಯ ಹೊಸ ಶಾಟ್‌ಗಳನ್ನ ಡಿವಿಡಿ ಗುಣಮಟ್ಟದಲ್ಲೇ ಮಾಡಿದ್ದರಿಂದ ದೊಡ್ಡ ಪರದೆಗೆ ಏರಿಸೋಕೆ ಆಗ್ತಿರಲಿಲ್ಲ. ಅದೇ ಮೂವರು ಕೂತು ಎಲ್ಲವನ್ನೂ 4ಕೆಯಲ್ಲಿ ಮತ್ತೆ ಮಾಡಿ ಮುಗಿಸಿದ್ದು 2022ರಲ್ಲಿ. ನೋಡೋದಾದರೆ ಅದನ್ನ ನೋಡಿ. ಅದಕ್ಕೂ ಮೊದಲು ‘ದಿ ಚೇಂಜ್‌ಲಿಂಗ್’ ಕಂತು ನೋಡಿ, ಐವತ್ತು ನಿಮಿಷ ಅಷ್ಟೇ. ಎರಡೂ ನೋಡಿದ ಮೇಲೆ ನಿಮ್ಮ ಮಾರ್ಕ್ಸ್ ಎಷ್ಟು ಅಂತ ಬರೆದು ಕಳಿಸಿ, ಮುಂದಿನ ಕಂತಲ್ಲಿ ಓದ್ತೀನಿ.